ಹಗೇವಿನ ಮೇಲೆ ನಿಂತ ಟ್ರೇಲರ್

ಅದು ೧೯೭೬ನೆಯ ಇಸವಿ. ನಾನು ಬಸವನ ಬಾಗೇವಾಡಿಯಲ್ಲಿ ವಕೀಲಿ ಶುರುಮಾಡಿ ಐದು ವರ್ಷ ಕಳೆದಿದ್ದವು. ಹುಟ್ಟೂರು ಇಂಡಿ ತಾಲೂಕಿನ ಹೊರ್ತಿ. ಕರೀ ಕೋಟು ಒಂದು ಬಿಟ್ಟರೆ ವಕೀಲನೆಂದು ಹೇಳಿಕೊಳ್ಳಲು ನನ್ನ ಹತ್ತಿರ ಹೆಚ್ಚೇನೂ ಇರಲಿಲ್ಲ. ಸ್ವಂತ ಕಕ್ಷಿದಾರರ ಕೆಲಸಕ್ಕಿಂತ ಹಿರಿಯ ವಕೀಲರ ಫೈಲು ಹೊತ್ತಿದ್ದೇ ಹೆಚ್ಚು. ಅಂಥ ಹೊಸಬರಿಗೆ ನ್ಯಾಯಾಧೀಶರು ಆಗೀಗ ಕೊಡುತ್ತಿದ್ದ ಕೆಲಸವೆಂದರೆ ಕೋರ್ಟ್ ಕಮಿಷನರ್ ಆಗುವುದು. ದಾವೆಯ ಜಾಗಕ್ಕೆ ಪ್ರತಿ ಸಲವೂ ನ್ಯಾಯಾಧೀಶರೇ ಹೋಗಲಾಗುವುದಿಲ್ಲ. ಅವರ ಪರವಾಗಿ, ಎರಡೂ ಪಕ್ಷಕ್ಕೆ ಸೇರದ ಒಬ್ಬ ವಕೀಲ ಹೋಗಿ ಕಂಡದ್ದನ್ನು ಕಂಡ ಹಾಗೆ ಬರೆದು ತರಬೇಕು, ಇಲ್ಲವೆ ಕೋರ್ಟು ಹೇಳಿದ ಕೆಲಸವನ್ನು ತನ್ನೆದುರು ಮಾಡಿಸಬೇಕು. ಅವನಿಗೆ ನೋಡುವ ಅಧಿಕಾರವಿದೆ, ಬರೆಯುವ ಅಧಿಕಾರವಿದೆ. ಆದೇಶದ ಒಂದು ಅಕ್ಷರವನ್ನೂ ಬದಲಿಸುವ ಅಧಿಕಾರವಿಲ್ಲ.

ಮುಂದೆ ನಾನು ಮುದ್ದೇಬಿಹಾಳ, ಸಿಂದಗಿ, ಇಂಡಿ ಎಂದು ಎಲ್ಲ ಕೋರ್ಟುಗಳ ಮೆಟ್ಟಿಲು ಸವೆಸಿದೆ. ಕೊಡಲಿ ಏಟಿನ ಖಟ್ಲೆಗಳನ್ನೂ ನಡೆಸಿದೆ. ಆದರೆ ಒಬ್ಬ ಮನುಷ್ಯ ಸಾಯುವುದನ್ನು ನಾನು ಎದುರಿಗೆ ನಿಂತು ನೋಡಿದ್ದು ಆ ವರ್ಷ, ಗಾಡಿ ಎಲ್ಲಿ ನಿಲ್ಲಿಸಬೇಕು ಎಂಬ ತಕರಾರಿನಲ್ಲಿ.

ಗೊಳಸಂಗಿಯ ಹಾದಿಯಲ್ಲಿ ಬಸ್ಸಿಳಿದು ಒಳಗೆ ನಡೆದು ಹೋಗಬೇಕಾದ ಸಣ್ಣ ಊರು ಅದು. ಊರ ಹೆಸರು ಬೇಡ. ಮನುಷ್ಯರ ಹೆಸರುಗಳನ್ನೂ ಬದಲಿಸಿದ್ದೇನೆ. ಅಲ್ಲಿ ಸಾಯಬಣ್ಣ ಮತ್ತು ಗುರಪ್ಪ ಎಂಬ ಇಬ್ಬರು ರೈತರ ಮನೆಗಳು ಎದುರುಬದುರು. ನಡುವೆ ಒಂದು ಓಣಿ. ಒಂದು ಚಕ್ಕಡಿ ಹಿಡಿಯುವಷ್ಟೇ ಅಗಲ, ಒಳಗಿನ ತುದಿಗೆ ಗೋಡೆ. ಕಾಗದಪತ್ರಗಳಲ್ಲಿ ಅದಕ್ಕೆ ‘ಸಾಮಾಯಿಕ ದಾರಿ’ ಎಂದಿತ್ತು. ಅಂದರೆ ಇಬ್ಬರಿಗೂ ಕೂಡಿದ್ದು, ಒಬ್ಬನದೇ ಅಲ್ಲ. ಎರಡೂ ಮನೆಯ ಚಕ್ಕಡಿಗಳು ರಾತ್ರಿ ಅದರಲ್ಲಿ ಒಂದರ ಹಿಂದೊಂದು ನಿಲ್ಲುತ್ತಿದ್ದವು. ಮರುದಿನ ಮೊದಲು ಹೊರಡುವವರ ಚಕ್ಕಡಿ ಹೊರಗೆ, ತಡವಾಗಿ ಹೊರಡುವವರದು ಒಳಗೆ. ಸಂಜೆ ಎತ್ತು ಬಿಡುವಾಗ “ನಾಳಿ ಯಾರು ಮೊದಲ?” ಎಂದು ಕೂಗಿ ಕೇಳಿಕೊಂಡರೆ ಮುಗಿಯಿತು. ಎರಡು ತಲೆಮಾರು ಹೀಗೇ ನಡೆದಿತ್ತು. ಯಾವ ಕೋರ್ಟೂ ಇದಕ್ಕಿಂತ ಚೆಂದದ ಡಿಕ್ರಿ ಬರೆದು ಕೊಡಲಾರದು.

ಆ ಓಣಿಯ ಬಾಯಲ್ಲಿ, ನೆಲದಡಿಗೆ, ಸಾಯಬಣ್ಣನ ತಂದೆ ತೋಡಿಸಿದ ಹಗೇವು ಇತ್ತು. ನೋಡದವರಿಗಾಗಿ ಹೇಳುತ್ತೇನೆ. ನಮ್ಮ ಕಡೆ ಜೋಳವನ್ನು ವರ್ಷಗಟ್ಟಲೆ ಕೆಡದಂತೆ ಇಡಲು ಗಟ್ಟಿ ನೆಲದಲ್ಲಿ ಆಳದ ಗುಂಡಿ ತೋಡುತ್ತಿದ್ದರು. ಬಾಯಿ ಸಣ್ಣದು, ಒಬ್ಬ ಮನುಷ್ಯ ಇಳಿಯುವಷ್ಟು; ಹೊಟ್ಟೆ ದೊಡ್ಡದು. ಒಳಗೆ ಸುತ್ತಲೂ ಹುಲ್ಲು ಹಾಸಿ, ಜೋಳ ಸುರಿದು, ಬಾಯಿಗೆ ಕಲ್ಲು ಹೊಚ್ಚಿ ಮಣ್ಣು ಮೆತ್ತಿದರೆ ಹುಳ ಇಲ್ಲ, ಇಲಿ ಇಲ್ಲ. ಆದರೆ ಮುಚ್ಚಿದ ಹಗೇವಿನೊಳಗೆ ಕೆಟ್ಟ ಗಾಳಿ ಕೂಡಿಕೊಳ್ಳುತ್ತದೆ. ಕಾಳು ಕೂಡ ಉಸಿರಾಡಿ ಒಳಗಿನ ಒಳ್ಳೆಯ ಗಾಳಿಯನ್ನು ತೀರಿಸುತ್ತದೆ ಎಂದು ವಿಜ್ಞಾನ ತಿಳಿದವರು ಹೇಳುತ್ತಾರೆ. ಅದಕ್ಕೇ ಹಗೇವು ತೆರೆದ ದಿನ ಯಾರೂ ಇಳಿಯುವುದಿಲ್ಲ. ಒಂದು ರಾತ್ರಿ ಬಾಯಿ ತೆರೆದಿಟ್ಟು, ಮರುದಿನ ಹಗ್ಗಕ್ಕೆ ಕಂದೀಲು ಕಟ್ಟಿ ತಳದವರೆಗೆ ಬಿಡುತ್ತಾರೆ. ದೀಪ ಉರಿದರೆ ಮನುಷ್ಯ ಇಳಿಯುತ್ತಾನೆ, ಆರಿದರೆ ಇನ್ನೂ ಕಾಯುತ್ತಾರೆ. ಹೊರ್ತಿಯಲ್ಲಿ ನಾವು ಸಣ್ಣವರಿದ್ದಾಗ ತೆರೆದ ಹಗೇವಿನ ಹತ್ತಿರ ಹೋದರೆ ಬೆನ್ನಿಗೆ ಏಟು ಬೀಳುತ್ತಿತ್ತು.

೧೯೭೪ರಲ್ಲಿ ಗುರಪ್ಪ ಟ್ರ್ಯಾಕ್ಟರ್ ಕೊಂಡ, ಜೊತೆಗೆ ಒಂದು ಟ್ರೇಲರ್. ಆಗ ಅವನಿಗೆ ನಲವತ್ತು ದಾಟಿರಲಿಲ್ಲ. ಅರವತ್ತರ ಹತ್ತಿರದ ಸಾಯಬಣ್ಣನನ್ನು ಅವನು ‘ಕಾಕಾ’ ಎಂದೇ ಕರೆಯುತ್ತಿದ್ದ. ಟ್ರ್ಯಾಕ್ಟರ್ ಬಂದ ದಿನ ಕಾಯಿ ಒಡೆದವನೂ ಸಾಯಬಣ್ಣನೇ. ಆದರೆ ಟ್ರೇಲರು ಓಣಿಯೊಳಗೆ ತಿರುಗುವಂತಿರಲಿಲ್ಲ. ಬಾಯಲ್ಲೇ, ಹಗೇವಿನ ಮೇಲೆಯೇ, ನಿಲ್ಲತೊಡಗಿತು. ಊರಲ್ಲಿ ಟ್ರ್ಯಾಕ್ಟರ್ ನಡೆಸಲು ಬರುತ್ತಿದ್ದುದು ಗುರಪ್ಪನೊಬ್ಬನಿಗೇ. ಹೀಗಾಗಿ ‘ನಾಳಿ ಯಾರು ಮೊದಲ’ ಎಂದು ಕೇಳುವ ಮಾತೇ ನಿಂತುಹೋಯಿತು.

ಮರುವರ್ಷ ಜನವರಿಯಲ್ಲಿ, ತೊಗರಿ ರಾಶಿಯ ಹೊತ್ತಿಗೆ, ಗುರಪ್ಪ ಟ್ರೇಲರ್ ಅಲ್ಲೇ ಬಿಟ್ಟು ದೇವರ ಹಿಪ್ಪರಗಿ ಸಂತೆಗೆ ಹೋಗಿದ್ದ. ಸಾಯಬಣ್ಣನ ಚಕ್ಕಡಿ ಓಣಿಯೊಳಗೆ ಸಿಕ್ಕಿಬಿತ್ತು. ಕಣದಲ್ಲಿದ್ದ ತೊಗರಿಯ ಮೇಲೆ ಆ ಸಂಜೆ ಅಕಾಲದ ಮಳೆ ಸುರಿಯಿತು. ಗುರಪ್ಪ ಸಂತೆಯಿಂದ ಬಂದಾಗ ಸಾಯಬಣ್ಣನ ಒಬ್ಬನೇ ಮಗ ಮಲ್ಲಪ್ಪ ಎದುರು ನಿಂತು, “ಓಣಿ ಏನು ನಿಮ್ಮಪ್ಪಂದೇನು?” ಎಂದ. “ಹೌದು, ನಮ್ಮಪ್ಪಂದ. ಏನ್ ಮಾಡ್ತಿ?” ಎಂದ ಗುರಪ್ಪ. ಎರಡು ಮಾತು, ಎರಡು ತಲೆಮಾರಿನ ನೆರೆಹೊರೆ ಮುಗಿದೇಹೋಯಿತು. ಅಂದಿನಿಂದ ಕೆಲಸ ಇರಲಿ ಬಿಡಲಿ, ಟ್ರೇಲರ್ ಓಣಿಯ ಬಾಯಿ ಬಿಟ್ಟು ಕದಲಲಿಲ್ಲ.

ಇಲ್ಲಿ ‘ವಹಿವಾಟು’ ಎಂಬ ಮಾತನ್ನು ವಿವರಿಸಬೇಕು. ಒಂದು ಜಾಗವನ್ನು ಬಹುಕಾಲ ತಡೆಯಿಲ್ಲದೆ ಬಳಸುತ್ತ ಬಂದರೆ ಆ ಬಳಕೆಗೇ ಒಂದು ಹಕ್ಕು ಹುಟ್ಟುತ್ತದೆ ಎನ್ನುವುದು ಕಾಯ್ದೆ. ಇದು ನಮ್ಮ ರೈತರಿಗೆ ಬಾಯಿಪಾಠ. ಆದರೆ ಅರ್ಧ ಪಾಠ. ಬಳಕೆ ಒಂದು ದಿನ ತಪ್ಪಿದರೂ ಹಕ್ಕು ಸತ್ತಿತು ಎಂದು ನಂಬಿಕೊಂಡವರು ಬಹಳ. ಬದುವಿನ ಮೇಲೆ ನಡೆಯುವ ಹಕ್ಕು ಉಳಿಯಲೆಂದು ಜ್ವರದಲ್ಲಿ ಎದ್ದು ನಡೆದುಬಂದ ಮುದುಕರನ್ನು ನಾನು ಬಲ್ಲೆ. ಗುರಪ್ಪನೂ ಅದೇ ಸಾಲಿನವನು.

ಸಾಯಬಣ್ಣ ದಾವೆ ಹೂಡಿದ. ಮುನ್ಸೀಫರು ಮೊದಲಿಗೆ ಯಥಾಸ್ಥಿತಿಯ ಆದೇಶ ಕೊಟ್ಟರು. ತೀರ್ಪು ಬರುವ ತನಕ ಯಾವುದು ಎಲ್ಲಿದೆಯೋ ಅಲ್ಲೇ ಇರಲಿ, ಯಾರೂ ಏನನ್ನೂ ಬದಲಿಸಬಾರದು ಎಂದು ಅದರ ಅರ್ಥ. ಜಗಳ ಬೆಳೆಯದಿರಲೆಂದು ಎಲ್ಲ ಕೋರ್ಟುಗಳೂ ಕೊಡುವ ಆದೇಶವೇ. ಇಲ್ಲಿ ಮಾತ್ರ ಅದರಿಂದ ಟ್ರೇಲರಿಗೆ ಬೇರು ಬಂತು. ಮೊದಲು ಗುರಪ್ಪ ಹಟಕ್ಕೆ ನಿಲ್ಲಿಸಿದ್ದ, ಈಗ ಸರಕಾರವೇ ನಿಲ್ಲಿಸಿದೆ ಎನ್ನುವಂತಾಯಿತು.

೧೯೭೬ರ ಬೇಸಿಗೆಯಲ್ಲಿ ಗಾಲಿಯ ಭಾರಕ್ಕೆ ಹಗೇವಿನ ಬಾಯಿಗಲ್ಲು ಸೀಳಿತು. ಒಳಗೆ ಅರ್ಧ ಹಗೇವು ಜೋಳವಿತ್ತು; ಸಾಯಬಣ್ಣನ ಮನೆಮಂದಿಯ ವರ್ಷದ ಊಟ ಅದು. ಮಳೆ ಬಿದ್ದರೆ ನೀರು ನೇರ ಒಳಗೆ. ಒಮ್ಮೆ ನೀರು ಕುಡಿದ ಹಗೇವಿನ ಜೋಳವನ್ನು ದನ ಕೂಡ ಮೂಸುವುದಿಲ್ಲ. ಬೇಸಿಗೆ ರಜೆ ಮುಗಿದು ಜೂನ್ ಮೊದಲಿಗೆ ಕೋರ್ಟು ತೆರೆದ ಕೂಡಲೇ ಸಾಯಬಣ್ಣನ ವಕೀಲರು ಅರ್ಜಿ ಹಾಕಿದರು: ಟ್ರೇಲರ್ ಸರಿಸಲು ಹೇಳಿ, ಜೋಳ ತೆಗೆದುಕೊಳ್ಳುತ್ತೇವೆ.

ಒಂದು ಇಡೀ ಮಧ್ಯಾಹ್ನ ಎರಡೂ ಕಡೆಯ ವಕೀಲರು ಒಪ್ಪಂದದ ಮಾತು ಕಟ್ಟಿದರು. ಟ್ರೇಲರನ್ನು ಯಾರು ಎಳೆಯಬೇಕು, ಎಲ್ಲಿ ನಿಲ್ಲಿಸಬೇಕು, ಸರಿಸಿದ್ದರಿಂದ ಯಾರ ಹಕ್ಕಿಗೂ ಬಾಧೆಯಿಲ್ಲವೆಂದು ಹೇಗೆ ಬರೆಯಬೇಕು, ಎಲ್ಲ ಚರ್ಚೆಯಾಯಿತು. ಗುರಪ್ಪನದು ಒಂದೇ ಷರತ್ತು. “ಹೊತ್ತು ಮುಳುಗೂದ್ರಾಗ ನನ್ನ ಟ್ರೇಲರ್ ತನ್ನ ಜಾಗದಾಗ ನಿಂತಿರಬೇಕ್ರಿ. ಒಂದ್ ರಾತ್ರಿ ಖಾಲಿ ಬಿಟ್ರ ನನ್ನ ವಹಿವಾಟ ಮುರೀತೈತಿ.” ಹಾಗೇನೂ ಆಗುವುದಿಲ್ಲವೆಂದು ಅವನ ವಕೀಲರೇ ಹೇಳಿದರು. “ಕಾಯ್ದೆ ನಿಮ್ದು, ಜಾಗಾ ನಂದು” ಎಂದು ಕೈಮುಗಿದ. ಎರಡು ದಿನ ಕೇಳಿದರೆ ಇದ್ದ ಒಂದು ದಿನವೂ ಹೋದೀತೆಂದು ಸಾಯಬಣ್ಣನ ವಕೀಲರು ಸುಮ್ಮನಾದರು. ಮುನ್ಸೀಫರು ದಕ್ಷಿಣದವರು, ಹಗೇವನ್ನು ಹೆಸರಿನಿಂದಷ್ಟೇ ಬಲ್ಲವರು. ಆದೇಶವಾಯಿತು: ಒಂದು ದಿನ, ಸೂರ್ಯೋದಯದಿಂದ ಸೂರ್ಯಾಸ್ತದೊಳಗೆ, ಕಮಿಷನರ ಎದುರಿಗೆ. ಕಮಿಷನರ್ ನಾನು.

ಕೋರ್ಟಿನ ಹೊರಗೆ ಸಾಯಬಣ್ಣ ನನ್ನನ್ನು ತಡೆದು ನಿಲ್ಲಿಸಿದ. “ಹಗೇವು ತಗದ ದಿನಾನ ಇಳಿಯೂದು ರೂಢಿ ಇಲ್ರಿ ಸಾಹೇಬ್ರ.”

“ಗೊತ್ತೈತಿ ಸಾಯಬಣ್ಣಾರ. ನಸುಕಿನಾಗ ತಗಸೋಣು. ಸಂಜೀತನಕ ಗಾಳಿ ಆಡಬಹುದು.”

“ಆಡಿದ್ರ ಚಲೋ ಆತ್ರಿ” ಎಂದು ಮುದುಕ ಆಕಾಶದ ಕಡೆ ನೋಡಿದ. ಪಡುವಣಕ್ಕೆ ಮೋಡ ಕಟ್ಟುತ್ತಿತ್ತು.

ಗೊತ್ತುಮಾಡಿದ ದಿನದ ಹಿಂದಿನ ಸಂಜೆಯೇ ಹೋಗಿ ಊರ ಶಾಲೆಯಲ್ಲಿ ತಂಗಿದೆ. ನಸುಕಿಗೆ ಗುರಪ್ಪ ಮಾತಿಗೆ ತಪ್ಪದೆ ಬಂದ, ಟ್ರೇಲರನ್ನು ಎಳೆದು ಚಾವಡಿಯ ಮುಂದಿನ ಬಯಲಿನಲ್ಲಿ ನಿಲ್ಲಿಸಿದ. ಸಾಕ್ಷಿಗೆಂದು ಇಬ್ಬರು ಪಂಚರು ಇದ್ದರು. ಮಲ್ಲಪ್ಪ ಮತ್ತು ಅವರ ಮನೆಯ ಆಳುಗಳು ಮಣ್ಣು ಕೆದರಿ ಸೀಳಿದ ಕಲ್ಲನ್ನು ಎತ್ತಿದರು. ಹುಳಿಹುಳಿಯಾದ ಬೆಚ್ಚನೆಯ ವಾಸನೆ ಮೇಲೆ ಬಂತು. ಹಗೇವು ಅರ್ಧ ಖಾಲಿಯಿದ್ದುದರಿಂದ ಒಳಗೆ ಕೆಟ್ಟ ಗಾಳಿಗೆ ಜಾಗ ಹೆಚ್ಚಿತ್ತು. ಕಂದೀಲು ಬಿಟ್ಟರು, ಆರಿತು. ಕಂಬಳಿಗೆ ಹಗ್ಗ ಕಟ್ಟಿ ಮೇಲೆ ಕೆಳಗೆ ಎಳೆದಾಡಿ ಗಾಳಿ ಆಡಿಸಿದರು. ಮಧ್ಯಾಹ್ನ ಮತ್ತೆ ಬಿಟ್ಟರು, ಆರಿತು. ಹೊತ್ತು ಇಳಿಯತೊಡಗಿದಾಗ ಬಿಟ್ಟ ಕಂದೀಲೂ ತಳ ಮುಟ್ಟುವ ಮೊದಲೇ ಆರಿತು. ಓಣಿಯಲ್ಲಿ ಎಲೆ ಅಲುಗುವಷ್ಟು ಗಾಳಿಯಿರಲಿಲ್ಲ. ಗುರಪ್ಪ ತನ್ನ ಮನೆಯ ಕಟ್ಟೆಯ ಮೇಲೆ ಕೂತು ಒಮ್ಮೆ ನಮ್ಮನ್ನು, ಒಮ್ಮೆ ಸೂರ್ಯನನ್ನು ನೋಡುತ್ತಿದ್ದ.

ನಾನು ಅವನ ಹತ್ತಿರ ಹೋದೆ. “ಗುರಪ್ಪಾ, ಇದೊಂದ್ ರಾತ್ರಿ ಟ್ರೇಲರ್ ಹೊರಗ ಇರಲಿ. ನಿನ್ನ ಹಕ್ಕಿಗೆ ಏನೂ ಆಗೂದಿಲ್ಲಂತ ನಾ ಬರದು ಸಹಿ ಮಾಡಿ ಕೊಡ್ತೇನಿ.”

“ಕೋರ್ಟಿನ ಹುಕುಮಿನಾಗ ಹಂಗ ಐತೇನ್ರಿ?”

“ಇಲ್ಲ.”

“ಮತ್ತ?”

ಗುರಪ್ಪ ಎದ್ದು ನಿಂತು ಓಣಿಗೆಲ್ಲ ಕೇಳುವಂತೆ ಹೇಳಿದ: “ನನಗ ತಿಳಿಯೂದಿಲ್ಲಂತ ಮಾಡೀರೇನು? ಎಣ್ಣಿ ಇಲ್ಲದ ಕಂದೀಲು ಇಳಿಸೂದು, ದೀಪ ಆರತು ಅನ್ನೂದು. ಹೆಂಗರ ಮಾಡಿ ರಾತ್ರಿ ನನ್ನ ಜಾಗಾ ಖಾಲಿ ಇರಬೇಕು, ಅಷ್ಟ ಬೇಕಾಗೈತಿ ನಿಮಗ.”

ನಾನು ಬೆಳಗಿನಿಂದ ಆ ಕಂದೀಲನ್ನು ನೋಡಿದ್ದೆ. ಎಣ್ಣೆ ತುಂಬಿತ್ತು. ಹೇಳಿದೆ ಕೂಡ. ಆದರೆ ಸಂಶಯ ಒಮ್ಮೆ ಒಳಹೊಕ್ಕ ಮೇಲೆ ಕಣ್ಣೆದುರಿನ ಎಣ್ಣೆಯೂ ನೀರಿನಂತೆ ಕಾಣುತ್ತದೆ. ಅವನು ತನ್ನ ಮನೆಯ ಕಂದೀಲು ತಂದ. ಕೈಗೆ ಸಿಕ್ಕ ದನ ಕಟ್ಟುವ ಹಗ್ಗಕ್ಕೇ ಅದನ್ನು ಕಟ್ಟಿ ಇಳಿಬಿಟ್ಟ. ಆ ಹಗ್ಗ ಗಿಡ್ಡ. ಕಂದೀಲು ಹಗೇವಿನ ಕುತ್ತಿಗೆ ದಾಟಿ ಸ್ವಲ್ಪ ಕೆಳಗೆ ನಿಂತಿತು, ನಿಂತು ಚೆನ್ನಾಗಿ ಉರಿಯಿತು.

“ನೋಡ್ರಿ ವಕೀಲರ! ನಮ್ಮನೀ ದೀಪ ಆರೂದಿಲ್ಲ!”

“ತಳಕ್ಕ ಮುಟ್ಟಿಲ್ಲ ಅದು” ಎಂದ ಮಲ್ಲಪ್ಪ. ಒಂದು ವರ್ಷದ ಮೇಲೆ ಅವನು ಗುರಪ್ಪನಿಗೆ ಆಡಿದ ಮೊದಲ ಮಾತು ಅದು. ಗುರಪ್ಪ ಕೇಳದವನಂತೆ ಅಂಗಿ ಕಳಚಿ ಹಗೇವಿನ ಬಾಯಲ್ಲಿ ಕಾಲು ಇಳಿಬಿಟ್ಟು ಕೂತ. ಜೋಳ ತೆಗೆಯುವ ಕೆಲಸ ಅವನದಲ್ಲ, ಜೋಳ ಅವನದಲ್ಲ. ಒಳಗೆ ಏನೂ ಇಲ್ಲ, ಇದೆಲ್ಲ ನಾಟಕ ಎಂದು ತೋರಿಸಬೇಕಿತ್ತು, ಅಷ್ಟೆ. ನಾನು ಕೋರ್ಟಿನ ಹೆಸರು ಹಿಡಿದು ಬೇಡವೆಂದು ಚೀರಿದೆ. ಸಾಯಬಣ್ಣ ಓಡಿಬಂದು ಅವನ ರಟ್ಟೆ ಹಿಡಿದ.

“ಗುರ್ಯಾ, ಬ್ಯಾಡೋ ಮಗನ! ಜ್ವಾಳ ಕೊಳತ್ರ ಕೊಳೀಲಿ!”

ಗುರಪ್ಪ ತಲೆಯೆತ್ತಿ ನೋಡಿದ. “ಇದರಾಗ ನನ್ನ ಎಷ್ಟ ಸಲ ಇಳಿಸಿಲ್ಲ ಕಾಕಾ ನೀ?” ಎಂದ. ಕೈ ಕೊಸರಿಕೊಂಡು ಇಳಿದೇಬಿಟ್ಟ.

ಒಳಗಿನಿಂದ “ಏನೂ ಇಲ್ಲ, ಬುಟ್ಟಿ ಬಿಡ್ರಿ” ಎಂದು ಕೂಗಿದ್ದು ಕೇಳಿತು. ಬುಟ್ಟಿ ಬಿಟ್ಟರು. ಜೋಳ ಜಾರುವ ಸಪ್ಪಳವಾಯಿತು. ಆಮೇಲೆ ಬುಟ್ಟಿಯ ಹಗ್ಗ ಯಾರೂ ಹಿಡಿಯಲಿಲ್ಲ. ಹೆಸರು ಹಿಡಿದು ಎಷ್ಟು ಕೂಗಿದರೂ ನಮ್ಮ ದನಿಯೇ ತಿರುಗಿ ಬಂತು.

ಮಲ್ಲಪ್ಪ ಸೊಂಟಕ್ಕೆ ಹಗ್ಗ ಸುತ್ತಿಕೊಳ್ಳತೊಡಗಿದ. ಅವನ ತಾಯಿ ನೀಲವ್ವ ಬಂದು ಅವನ ಧೋತರ ಹಿಡಿದುಕೊಂಡಳು. ನಾನು ಸಾಯಬಣ್ಣನ ಮುಖ ನೋಡಿದೆ. ಒಬ್ಬನೇ ಮಗ, ಬೇಡವೆಂದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಮುದುಕ ಹೆಂಡತಿಯ ಕೈ ಬಿಡಿಸಿದ, ಹಗ್ಗದ ಗಂಟನ್ನು ತಾನೇ ಬಿಗಿದ. “ಉಸಿರು ಹಿಡಕೊಂಡು ಇಳಿ. ಆಗೂದಿಲ್ಲ ಅನಿಸಿದ್ರ ಹಗ್ಗ ಜಗ್ಗು” ಎಂದ. ಮೊದಲ ಸಲ ಮಲ್ಲಪ್ಪ ಬರಿಗೈಲಿ ಮೇಲೆ ಬಂದ, ಮುಖ ಕಪ್ಪಿಟ್ಟಿತ್ತು. ಎರಡನೆಯ ಸಲ ಇಳಿದು ಗುರಪ್ಪನ ಕಂಕುಳಿಗೆ ಹಗ್ಗ ಹಾಕಿದ. ಇಬ್ಬರನ್ನೂ ಎಳೆದೆವು. ಮಲ್ಲಪ್ಪ ನೆಲಕ್ಕೆ ಬಿದ್ದು ವಾಂತಿ ಮಾಡಿಕೊಂಡು ಉಸಿರು ಎಳೆದುಕೊಂಡ. ಗುರಪ್ಪನ ಎದೆ ಒತ್ತಿದೆವು, ನೀರು ಚಿಮುಕಿಸಿದೆವು, ಅಂಗಾಲು ತಿಕ್ಕಿದೆವು. ಅವನ ಕೂದಲಲ್ಲಿ, ಕಿವಿಯಲ್ಲಿ, ಬಾಯಲ್ಲಿ ಜೋಳ ತುಂಬಿತ್ತು. ಅವನು ಉಸಿರಾಡಲಿಲ್ಲ.

ಗುರಪ್ಪನ ಹೆಂಡತಿ ಶಾಂತವ್ವ ಬಂದು ಹೆಣದ ಪಕ್ಕ ಕೂತಳು. ಅಳಲಿಲ್ಲ. ಅವನ ಮುಖದ ಮೇಲಿನ ಕಾಳುಗಳನ್ನು ಒಂದೊಂದಾಗಿ ತೆಗೆದಳು. ಊರೆಲ್ಲ ಓಣಿಯ ಬಾಯಲ್ಲಿ ಕೂಡಿತ್ತು. ಸೂರ್ಯ ಮಾಳಿಗೆಗಳ ಹಿಂದೆ ಇಳಿಯುತ್ತಿದ್ದ. ಆಕೆ ತಲೆಯೆತ್ತಿ ನನಗೆ ಹೇಳಿದಳು: “ಟ್ರೇಲರ್ ತಂದು ಜಾಗಕ್ಕ ನಿಲ್ಲಸ್ರಿ.”

ಆಕೆಗೆ ಬುದ್ಧಿ ಕದಡಿತೆಂದು ನಾವೆಲ್ಲ ತಿಳಿದೆವು. “ಹೊತ್ತು ಮುಳುಗೂದ್ರಾಗ ನಿಲ್ಲಬೇಕು ಅಂತಿದ್ರು. ಅದೊಂದ ಮಾತಿಗೆ ಹ್ವಾದ್ರು. ನಿಲ್ಲಸ್ರಿ” ಎಂದಳು.

ಟ್ರ್ಯಾಕ್ಟರ್ ನಡೆಸಬಲ್ಲವನು ನೆಲದ ಮೇಲೆ ಮಲಗಿದ್ದ. ಹೆಣವನ್ನು ಅವನ ಮನೆಯ ಕಟ್ಟೆಗೆ ಸರಿಸಿದರು. ಜೋಳ ಒಳಗಿದ್ದ ಹಾಗೇ ಹಗೇವಿನ ಮೇಲೆ ಸೀಳಿದ ಕಲ್ಲನ್ನು ಎಳೆದರು. ಆಮೇಲೆ ಸಾಯಬಣ್ಣ, ಅವನ ಆಳುಗಳು, ಪಂಚರಿಬ್ಬರು, ಮಲ್ಲಪ್ಪ, ಕರೀ ಕೋಟಿನ ನಾನು, ಎಲ್ಲರೂ ಸೇರಿ ಆ ಖಾಲಿ ಟ್ರೇಲರನ್ನು ಚಾವಡಿಯ ಮುಂದಿನಿಂದ ಕೈಯಿಂದ ನೂಕಿಕೊಂಡು ಬಂದೆವು. ವರ್ಷಕ್ಕೂ ಹೆಚ್ಚು ಕಾಲ ಯಾವುದನ್ನು ತೆಗೆಸಲು ಹೋರಾಡಿದನೋ ಅದಕ್ಕೇ ಹೆಗಲು ಕೊಟ್ಟು ಸಾಯಬಣ್ಣ ದಮ್ಮು ಕಟ್ಟಿ ನೂಕಿದ. ಹಗೇವಿನ ಮೇಲೆ ಅದು ನಿಂತಾಗ ಇನ್ನೂ ತುಸು ಬೆಳಕಿತ್ತು.

ಪೊಲೀಸರು ಬಂದರು, ಪಂಚನಾಮೆಯಾಯಿತು, ಆಕಸ್ಮಿಕ ಸಾವೆಂದು ದಾಖಲಾಯಿತು. ನಾನು ಕೋರ್ಟಿಗೆ ನಡೆದದ್ದನ್ನೆಲ್ಲ ಬರೆದು ಒಪ್ಪಿಸಿದೆ. ಕೊನೆಯ ಸಾಲು, “ಸೂರ್ಯಾಸ್ತಕ್ಕೆ ಮೊದಲು ಟ್ರೇಲರನ್ನು ಯಥಾಸ್ಥಾನದಲ್ಲಿ ನಿಲ್ಲಿಸಲಾಗಿದೆ, ಆದೇಶ ಪಾಲನೆಯಾಗಿದೆ.” ಮುನ್ಸೀಫರು ಅದನ್ನು ಎರಡು ಸಲ ಓದಿದರು. ಕನ್ನಡಕ ತೆಗೆದಿಟ್ಟು, ಆ ದಿನದ ಉಳಿದ ಕೆಲಸಗಳನ್ನು ಮುಂದಕ್ಕೆ ಹಾಕಿ ಒಳಗೆ ಹೋದರು.

ಮೂರನೆಯ ದಿನ ಮಳೆ ಬಂತು. ಸೀಳಿನಿಂದ ನೀರು ಇಳಿಯಿತು. ಒಬ್ಬನನ್ನು ತಿಂದ ಹಗೇವಿನ ಜೋಳವನ್ನು ಉಣ್ಣಲು ಹೇಗೂ ಆ ಮನೆಯಲ್ಲಿ ಯಾರಿಗೂ ಮನಸ್ಸಿರಲಿಲ್ಲ. ಪಕ್ಷಗಾರನೊಬ್ಬ ಸತ್ತರೆ ಅವನ ವಾರಸುದಾರರ ಹೆಸರನ್ನು ತೊಂಬತ್ತು ದಿನದೊಳಗೆ ದಾವೆಗೆ ಸೇರಿಸಬೇಕು, ಇಲ್ಲದಿದ್ದರೆ ದಾವೆ ತಾನಾಗಿ ಬಿದ್ದುಹೋಗುತ್ತದೆ. ಶಾಂತವ್ವನ ಹೆಸರು ಸೇರಿಸಲು ಸಾಯಬಣ್ಣ ಒಪ್ಪಲಿಲ್ಲ. “ಆ ಹೆಣ್ಣಮಗಳನ್ನ ನಾ ಕೋರ್ಟಿಗೆ ಎಳಿಯೂದಿಲ್ರಿ” ಎಂದ. ದಾವೆ ಬಿತ್ತು. ಓಣಿ ಯಾರದು, ಎಷ್ಟು ಯಾರದು ಎಂದು ಯಾವ ಕೋರ್ಟೂ ಹೇಳಲಿಲ್ಲ.

ಅಲ್ಲಿಂದೀಚೆಗೆ ಯಾವ ರಾಜಿಗೆ ಕೂತರೂ ನಾನು ಮೊದಲು ಕೇಳುವುದು, ಪಕ್ಷಗಾರರು ಎಷ್ಟು ಹೊತ್ತು ಕೊಡುತ್ತಾರೆ ಎಂದಲ್ಲ, ಆ ಕೆಲಸಕ್ಕೆ ತನ್ನಷ್ಟಕ್ಕೆ ಎಷ್ಟು ಹೊತ್ತು ಬೇಕು ಎಂದು. ಇಬ್ಬರು ಜಗಳಗಂಟರು ಒಂದು ಮಾತಿಗೆ ಒಪ್ಪಿದ ಮಾತ್ರಕ್ಕೆ ನೆಲವೂ ಗಾಳಿಯೂ ಒಪ್ಪಿದಂತಲ್ಲ. ಸಹೋದ್ಯೋಗಿಗಳು ನನ್ನನ್ನು ‘ವಾಯಿದೆ ವಕೀಲ’ ಎಂದು ನಗೆಯಾಡಿದ್ದಾರೆ. ಆಡಲಿ. ಇದು ಈ ವೃತ್ತಿ ನನಗೆ ಕಲಿಸಿದ ಪಾಠ, ಇದನ್ನು ಕಿರಿಯರಿಗೂ ಹೇಳುತ್ತ ಬಂದಿದ್ದೇನೆ.

ಪಾಠಕ್ಕೆ ಸಿಗದ್ದು ಇನ್ನೊಂದಿದೆ. ೧೯೭೯ರಲ್ಲಿ ಬೇರೆ ಕೆಲಸಕ್ಕೆ ಆ ಊರಿಗೆ ಹೋಗಿದ್ದೆ. ಟ್ರ್ಯಾಕ್ಟರ್ ಮಾರಿಹೋಗಿತ್ತು. ಟ್ರೇಲರನ್ನು ಮಾತ್ರ ಶಾಂತವ್ವ ಕೊಟ್ಟಿರಲಿಲ್ಲ. ಗಾಲಿಯ ಗಾಳಿ ಇಳಿದು ಅದು ನೆಲಕ್ಕೆ ಕೂತಿತ್ತು. ಸಾಯಬಣ್ಣ ತನ್ನ ಚಕ್ಕಡಿಯನ್ನು ಹೊಲದಲ್ಲೇ ಬಿಡುತ್ತಿದ್ದ. ಚಹಾ ಕುಡಿಯುವಾಗ, ಸಮಾಧಾನಕ್ಕೆಂದು ನಾನೇ ಮಾತು ತೆಗೆದೆ: “ನೀವು ಹಿಡಿದಿದ್ರಿ ಸಾಯಬಣ್ಣಾರ. ಅವನೇ ಕೊಸರಿಕೊಂಡು ಹ್ವಾದ. ನಾ ನೋಡೇನಿ, ಹಂಗ ಬರದೇನಿ.”

ಮುದುಕ ತನ್ನ ಅಂಗೈ ನೋಡಿಕೊಂಡ.

“ಇಲ್ರಿ ಸಾಹೇಬ್ರ” ಎಂದ. “ಒಂದ್ ವರ್ಷದ ಮ್ಯಾಲೆ ಕಾಕಾ ಅಂದ್ನಲ್ರಿ ಅವಾ. ಆ ಮಾತು ಕಿವಿಗಿ ಬಿತ್ತು, ನನ್ನ ಕೈ ಸಡ್ಲಾತು. ಅವಾ ಕೊಸರಿಕೊಂಡಿಲ್ಲ. ನಾನೇ ಬಿಟ್ಟೆ.”